ಇವತ್ತು ದೇವರು ಏನು ತೋರಿಸಿದರು?

ಕರಾವಳಿಯ ನಮ್ಮ ಹಿರಿಯರನ್ನು “ಹೇಗಿದ್ದೀರಿ?” ಎಂದು ಕೇಳಿದರೆ “ದೇವರ ದಯೆಯಿಂದ ಚೆನ್ನಾಗಿದ್ದೇವೆ” ಎಂಬ ಉತ್ತರ ಬರುತ್ತಿತ್ತು. ಊರಿನಿಂದ ಬರುವ ಕಾಗದಗಳ ಮೊದಲ ಸಾಲೂ ಅದೇ. ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಎಂಬ ಭೇದವಿಲ್ಲದೆ ಎಲ್ಲರ ಬಾಯಲ್ಲೂ ಆ ಮಾತಿತ್ತು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅದೇ ಪ್ರಶ್ನೆಗೆ “ಫೈನ್” ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಆಂಟಿ, ದೇವರ ದಯೆ ಅಂತ ನೀವು ಹೇಳುವುದು ಬರೀ ಅಭ್ಯಾಸಬಲದಿಂದಲಾ, ಅಥವಾ ನಿಜವಾಗಿ ಏನಾದರೂ ಕಂಡಿದ್ದೀರಾ?” ಎಂದು ಕೇಳುತ್ತಾರೆ. ಈ ಪ್ರಶ್ನೆ ನನಗೆ ಇಷ್ಟ. ಪ್ರಾಮಾಣಿಕ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕಾದುದು ಹಿರಿಯರ ಕರ್ತವ್ಯ. ಅದಕ್ಕಾಗಿ ಈ ನಾಲ್ಕು ಮಾತು.

ನಾನು ಮಂಗಳೂರಿನ ಬಾಸೆಲ್ ಮಿಶನ್ ಸಭೆಗೆ ಸೇರಿದ ಮನೆತನದವಳು. ನಮ್ಮ ಸಂಘದಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಯಾರಿಗೂ ಉಪದೇಶ ಮಾಡುವ ಉದ್ದೇಶ ನನಗಿಲ್ಲ. ಆದರೆ ದೇವರ ವಿಷಯ ಮಾತಾಡುವಾಗ ಮನುಷ್ಯ ತನ್ನ ಮನೆಯ ಭಾಷೆಯಲ್ಲೇ ಮಾತಾಡಬೇಕಷ್ಟೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆ ತಂದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಕಿಟೆಲ್ ಪಂಡಿತರ ನಿಘಂಟು 1894ರಲ್ಲಿ ಹೊರಬಂತು. ಇವೆಲ್ಲ ಕ್ವಿಜ್‌ಗಳಲ್ಲಿ ಬರುವ ಸಂಗತಿಗಳು, ನಿಮಗೂ ಗೊತ್ತಿರಬಹುದು. ಆದರೆ ಯಾವ ಕ್ವಿಜ್‌ನಲ್ಲೂ ಬಾರದ ಒಂದು ಸಂಗತಿ ಆ ಮನೆಗಳಲ್ಲಿತ್ತು. ಅದು ರಾತ್ರಿಯ ಕುಟುಂಬ ಪ್ರಾರ್ಥನೆ.

ಊಟವಾದ ಮೇಲೆ ಚಾಪೆ ಹಾಸುತ್ತಿದ್ದರು. ಸತ್ಯವೇದದ ಒಂದು ಅಧ್ಯಾಯ, ಒಂದು ಹಾಡು, ಆಮೇಲೆ ಪ್ರಾರ್ಥನೆ. ಪ್ರಾರ್ಥನೆಗೆ ಮೊದಲು ನಮ್ಮ ಅಜ್ಜಿ ಪ್ರತಿಯೊಬ್ಬ ಮಗುವಿಗೂ ಒಂದು ಪ್ರಶ್ನೆ ಕೇಳುತ್ತಿದ್ದರು: “ಇವತ್ತು ದೇವರು ನಿಂಗೆ ಏನು ತೋರಿಸಿದ್ರು?” ಎಲ್ಲರಿಗಿಂತ ಚಿಕ್ಕವರದು ಮೊದಲ ಸರದಿ. ಒಬ್ಬನಿಗೆ ಕೋಳಿಮರಿಗಳು ಮೊಟ್ಟೆಯೊಡೆದು ಹೊರಬಂದದ್ದು ಕಂಡಿರುತ್ತಿತ್ತು. ಇನ್ನೊಬ್ಬಳಿಗೆ ಮಳೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಕೊಡೆಯೊಳಗೆ ಕರೆದುಕೊಂಡದ್ದು ನೆನಪಾಗುತ್ತಿತ್ತು. “ಏನೂ ಇಲ್ಲ ಅಜ್ಜಿ” ಎಂದರೆ ಅವರು ಒಪ್ಪುತ್ತಿರಲಿಲ್ಲ. “ಏನೂ ಇಲ್ಲ ಅಂತ ಇಲ್ಲ ಮಗಾ, ನೀನು ನೋಡ್ಲಿಲ್ಲ ಅಷ್ಟೆ. ನಾಳೆ ನೋಡು” ಎನ್ನುತ್ತಿದ್ದರು. ಅಜ್ಜಿ ಹೆಚ್ಚು ಓದಿದವರಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡನನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡು, ಐದು ಮಕ್ಕಳನ್ನು ಸಾಕಿದವರು. ಅವರಿಗೆ ಸುಖ ಕಂಡದ್ದರಿಂದ ದೇವರು ಕಂಡದ್ದಲ್ಲ ಎಂಬುದನ್ನು ಗಮನದಲ್ಲಿಡಿ.

ಅಜ್ಜಿಯ ಪ್ರಶ್ನೆಯ ಬೇರು ಸತ್ಯವೇದದಲ್ಲೇ ಇದೆ. ಅಣ್ಣನಿಗೆ ಹೆದರಿ ಓಡಿಹೋಗುತ್ತಿದ್ದ ಯಾಕೋಬ ಬಯಲಲ್ಲಿ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಬೆಳಗ್ಗೆ ಎದ್ದಾಗ, ದೇವರು ಈ ಜಾಗದಲ್ಲೇ ಇದ್ದರೂ ತನಗೆ ತಿಳಿಯದೆ ಹೋಯಿತಲ್ಲ ಎಂದು ಬೆರಗಾದ. ಎಲೀಯನು ಗುಹೆಯಲ್ಲಿದ್ದಾಗ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೆ ಒಂದು ಬಂದವು. ದೇವರು ಅವುಗಳಲ್ಲಿರಲಿಲ್ಲ, ಕೊನೆಗೆ ಬಂದ ಮೆಲ್ಲನೆಯ ಸ್ವರದಲ್ಲಿದ್ದರು. ಯೇಸುಸ್ವಾಮಿ ಸತ್ತು ಎದ್ದ ದಿನ ಎಮ್ಮಾಹು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರು ದಾರಿಯುದ್ದಕ್ಕೂ ಅವರ ಜೊತೆಗೇ ನಡೆದರು, ಆದರೆ ಗುರುತು ಸಿಕ್ಕಿದ್ದು ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ. ಮೂರು ಕತೆಗಳಲ್ಲೂ ದೇವರು ಮೊದಲೇ ಅಲ್ಲಿದ್ದರು. ಮನುಷ್ಯನ ಕಣ್ಣು ತೆರೆದದ್ದು ತಡವಾಗಿ. ಆದ್ದರಿಂದ ನಾವು ಮಾಡಬೇಕಾದುದು ದೇವರನ್ನು ಎಲ್ಲಿಂದಲೋ ಕರೆದು ತರುವುದಲ್ಲ. ಬಂದವರನ್ನು ಗುರುತಿಸುವುದು.

ಇದಕ್ಕೆ ಮಠ, ಬೆಟ್ಟ, ಮೌನ ಬೇಕು ಎಂದು ಕೆಲವರು ತಿಳಿಯುತ್ತಾರೆ. 17ನೆಯ ಶತಮಾನದ ಪ್ಯಾರಿಸಿನಲ್ಲಿ ಲಾರೆನ್ಸ್ ಎಂಬ ಸಹೋದರ ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ. ಮೊದಲು ಸೈನಿಕನಾಗಿದ್ದವ, ಗಾಯಗೊಂಡವ. ಸ್ವಭಾವತಃ ಅವನಿಗೆ ಅಡಿಗೆ ಕೆಲಸವೆಂದರೆ ಆಗುತ್ತಿರಲಿಲ್ಲ. ಆದರೂ ಪಾತ್ರೆಗಳ ಸದ್ದು, ನಾಲ್ಕು ಜನರ ಕೂಗಾಟದ ನಡುವೆಯೂ ದೇವರ ಸನ್ನಿಧಿಯಲ್ಲಿರಲು ಕಲಿತ. 1691ರಲ್ಲಿ ಅವನು ತೀರಿಹೋದ ಮೇಲೆ ಅವನ ಮಾತುಗಳೂ ಪತ್ರಗಳೂ ಪುಸ್ತಕವಾಗಿ ಲೋಕವೆಲ್ಲ ಹರಡಿದವು. ನಮ್ಮ ನಾಡಿನಲ್ಲಿ 12ನೆಯ ಶತಮಾನದ ಶರಣರು ಮಾಡುವ ಕೆಲಸವನ್ನೇ ಪೂಜೆಯೆಂದು ತಿಳಿದವರಲ್ಲವೇ? ಮಡಿವಾಳ, ಅಂಬಿಗ, ನೇಕಾರ, ಇವರೆಲ್ಲ ಕೆಲಸ ಬಿಟ್ಟು ದೇವರನ್ನು ಹುಡುಕಲು ಹೋದವರಲ್ಲ. ನಂಬಿಕೆಯ ದಾರಿ ಬೇರೆಯಾದರೂ ಈ ಮಾತಿನಲ್ಲಿ ನಮ್ಮ ನೆಲದವರಿಗೆ ಹೊಸತೇನಿಲ್ಲ.

ಮುಂಬಯಿಯಲ್ಲಿ ಇಂಥ ಗಮನ ಸಾಧ್ಯವೇ? ಬೆಳಗ್ಗೆ ನೀರು ಬರುವ ಹೊತ್ತಿಗೆ ಏಳುವುದು, ಡಬ್ಬಿ ಕಟ್ಟುವುದು, ಲೋಕಲ್ ಹಿಡಿಯುವುದು. ಈ ಗಡಿಬಿಡಿಯಲ್ಲಿ ಮೆಲ್ಲನೆಯ ಸ್ವರ ಕೇಳುವುದುಂಟೇ? ನನ್ನ ಅನುಭವದಲ್ಲಿ ಉಂಟು. ಮಹಿಳೆಯರ ಡಬ್ಬಿಯಲ್ಲಿ ಮೂರು ಜನರ ಬೆಂಚಿನ ತುದಿಗೆ ನಾಲ್ಕನೆಯವಳಿಗೆ ಜಾಗ ಕೊಡುವ ಪದ್ಧತಿ ನಿಮಗೆಲ್ಲ ಗೊತ್ತು. ‘ಫೋರ್ತ್ ಸೀಟ್’ ಎಂದರೆ ಸಾಕು, ಮೂವರೂ ಸ್ವಲ್ಪ ಸ್ವಲ್ಪ ಸರಿಯುತ್ತಾರೆ. ರೈಲ್ವೆಯವರ ಯಾವ ನಿಯಮವೂ ಅದನ್ನು ಹೇಳಿಲ್ಲ. ದಿನವಿಡೀ ದುಡಿದು ಸೊಂಟ ನೋಯುತ್ತಿರುವ ಮೂವರು ಹೆಂಗಸರು ತಮ್ಮ ಸುಖದಲ್ಲಿ ಒಂದೊಂದು ಅಂಗೈಯಗಲ ಬಿಟ್ಟುಕೊಡುತ್ತಾರೆ. ಇದರಲ್ಲಿ ದೇವರ ಕೆಲಸ ಕಾಣದವರಿಗೆ ಚರ್ಚಿನಲ್ಲಿಯೂ ಅದು ಕಾಣುವುದು ಕಷ್ಟ ಎಂದು ನನಗನಿಸುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿತು, ಲೋಕಲ್ ನಿಂತಿತು, ನಗರದಲ್ಲಿ ನೂರಾರು ಜನ ಸತ್ತರು. ಅಂದು ಎದೆಮಟ್ಟದ ನೀರಿನಲ್ಲಿ ಕೈಕೈ ಹಿಡಿದು ನಡೆದವರನ್ನು, ಬಾಗಿಲು ತೆರೆದಿಟ್ಟು ಗುರುತಿಲ್ಲದವರನ್ನು ಮಲಗಿಸಿಕೊಂಡ ಮನೆಗಳನ್ನು, ಝೋಪಡಿಗಳಿಂದ ಚಹಾ, ಬಿಸ್ಕೂಟು ತಂದುಕೊಟ್ಟವರನ್ನು ಈ ನಗರ ಮರೆತಿಲ್ಲ. ಮಳೆ ದೇವರ ಶಿಕ್ಷೆಯೆಂದು ಹೇಳಿದವರೂ ಇದ್ದರು. ಚರಂಡಿ ಮುಚ್ಚಿ, ನದಿಯ ಪಾತ್ರ ಒತ್ತಿ ಕಟ್ಟಡ ಕಟ್ಟಿದ ಮನುಷ್ಯರ ಪಾಲನ್ನು ದೇವರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆ ರಾತ್ರಿ ಚಾಚಿದ ಕೈಗಳಲ್ಲಿ ದೇವರಿದ್ದರು ಎನ್ನಲು ನನಗೆ ಸಂಕೋಚವೂ ಇಲ್ಲ.

ನಮ್ಮ ಮುಂಬಯಿಯ ಇತಿಹಾಸದಲ್ಲಿ ಇಂಥ ಗಮನವನ್ನೇ ಬಾಳುವೆ ಮಾಡಿಕೊಂಡ ಇಬ್ಬರನ್ನು ನಿಮಗೆ ಪರಿಚಯಿಸುವ ಆಸೆ. ಒಬ್ಬರು ಜಾರ್ಜ್ ಬೋವೆನ್. 1848ರಲ್ಲಿ ಅಮೆರಿಕದಿಂದ ಮುಂಬಯಿಗೆ ಬಂದವರು. ಬಂದ ಸ್ವಲ್ಪ ಕಾಲದಲ್ಲೇ ಮಿಶನಿನ ಸಂಬಳ ಬೇಡವೆಂದು, ಬಡವರ ನಡುವೆ ಚಿಕ್ಕ ಬಿಡಾರದಲ್ಲಿ ಉಳಿದರು. ‘ಬಾಂಬೆ ಗಾರ್ಡಿಯನ್’ ಪತ್ರಿಕೆ ನಡೆಸಿದರು, ಪ್ರತಿದಿನಕ್ಕೊಂದು ಧ್ಯಾನದ ಪುಸ್ತಕ ಬರೆದರು. ಬೀದಿಯಲ್ಲಿ ನಿಂತು ಮಾತಾಡಿದರೂ ಅವರ ಮಾತು ಕೇಳಿ ಬಂದವರು ಬಹಳ ಕಡಿಮೆ. ಲೋಕದ ಲೆಕ್ಕದಲ್ಲಿ ಫಲವಿಲ್ಲದ 40 ವರ್ಷ. ಆದರೆ 1888ರಲ್ಲಿ ಅವರು ತೀರಿಕೊಂಡಾಗ ಎಲ್ಲ ಧರ್ಮದವರಿಗೂ ಅವರು ಸಂತರಂತೆ ಕಂಡಿದ್ದರು. ಕೊಲಾಬಾದಲ್ಲಿ ಅವರ ಹೆಸರಿನ ಚರ್ಚು ಇದೆ. ಫಲ ಕಾಣದಿದ್ದರೂ ಗಮನ ಬಿಡಬಾರದು ಎಂಬುದಕ್ಕೆ ಅವರೇ ಸಾಕ್ಷಿ.

ಇನ್ನೊಬ್ಬರು ನಮ್ಮವರೇ, ಪಂಡಿತಾ ರಮಾಬಾಯಿ. ಅವರನ್ನು ಮಹಾರಾಷ್ಟ್ರದವರೆಂದೇ ಎಲ್ಲರೂ ತಿಳಿದಿದ್ದಾರೆ. ಮನೆಮಾತು ಮರಾಠಿ ನಿಜ. ಆದರೆ 1858ರಲ್ಲಿ ಅವರು ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, ಇಂದಿನ ಕರ್ನಾಟಕದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧ ಎದುರಿಸಿದವರು. ತಾಯಿಯೇ ರಮಾಬಾಯಿಗೆ ಪಾಠ ಹೇಳಿದರು. ಕುಟುಂಬ ಕಾಲ್ನಡಿಗೆಯಲ್ಲಿ ತೀರ್ಥಯಾತ್ರೆ ಮಾಡುತ್ತ ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ಹಸಿವಿನಿಂದ ಹೋದರು. ಉಳಿದವರು ಅಣ್ಣ ಮತ್ತು ರಮಾಬಾಯಿ. 1878ರಲ್ಲಿ ಕಲ್ಕತ್ತೆಗೆ ತಲುಪಿದಾಗ ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ತಲೆದೂಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮುಂದೆ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷದೊಳಗೆ ಗಂಡನೂ ಕಾಲರಾದಿಂದ ಹೋದರು. ಕೈಯಲ್ಲಿ ಒಂದು ಹೆಣ್ಣುಕೂಸು.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತಧರ್ಮ ಸ್ವೀಕರಿಸಿದರು. ಹಾಗೆಂದು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಅಲ್ಲಿನ ಮಠದ ಸಹೋದರಿಯರೊಂದಿಗೆ ಪತ್ರದಲ್ಲಿ ವಾದಿಸಿದರು, ತನ್ನ ಮನಸ್ಸಾಕ್ಷಿಯನ್ನು ಯಾರಿಗೂ ಒತ್ತೆ ಇಡುವುದಿಲ್ಲವೆಂದರು. 1889ರ ಮಾರ್ಚ್ 11ರಂದು ನಮ್ಮ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅಲ್ಲಿನ ಮೊದಲ ವಿದ್ಯಾರ್ಥಿನಿ ಗೋದೂಬಾಯಿ ಎಂಬ ಬಾಲವಿಧವೆ. ಇವರೇ ಮುಂದೆ ಮಹರ್ಷಿ ಕರ್ವೆಯವರನ್ನು ಮದುವೆಯಾದವರು. ಮರುವರ್ಷ ಸದನ ಪುಣೆಗೆ ಹೋಯಿತು. ಚೌಪಾಟಿಗೆ ಭೇಲ್‌ಪುರಿ ತಿನ್ನಲು ಹೋದಾಗ ಒಮ್ಮೆ ಇದನ್ನು ನೆನಪಿಸಿಕೊಳ್ಳಿ.

ನನಗೆ ಮುಖ್ಯವೆನಿಸುವುದು 1896ರ ಸಂಗತಿ. ಮಧ್ಯಪ್ರಾಂತದಲ್ಲಿ ಬರಗಾಲವೆಂಬ ಸುದ್ದಿ ಬಂತು. ಅನೇಕರು ಪತ್ರಿಕೆಯಲ್ಲಿ ಅದನ್ನು ಓದಿ ಮಡಚಿಟ್ಟರು. ರಮಾಬಾಯಿಗೆ ತನ್ನದೇ ಹಸಿದ ದಿನಗಳು, ಸಾಯುತ್ತಿದ್ದ ತಾಯಿಯ ಮುಖ ನೆನಪಾಯಿತು. ಆ ನೆನಪನ್ನೇ ದೇವರ ಕರೆಯೆಂದು ಗುರುತಿಸಿ ಅಲ್ಲಿಗೆ ಹೊರಟರು. ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಾರಣ ಅವರನ್ನು ಇಟ್ಟುಕೊಳ್ಳಲು ಆಗದಾಗ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಹೊಲ ಆಸರೆಯಾಯಿತು. ಅದೇ ಮುಕ್ತಿ ಸದನ. ಅಲ್ಲಿ ಬಾವಿ ತೋಡಿಸಿದರು, ತೋಟ ಮಾಡಿದರು, ನೇಯ್ಗೆ, ಮುದ್ರಣ ಕಲಿಸಿದರು. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ, ದಿನದಿನದ ಅಕ್ಕಿ, ಬೇಳೆ, ನೀರು ಒದಗಿದ್ದನ್ನೆಲ್ಲ ದೇವರ ಕೈಯಿಂದ ಬಂದದ್ದೆಂದು ಎಣಿಸಿದ್ದಾರೆ. 1921ರಲ್ಲಿ ಮಗಳು ಮನೋರಮಾ ತೀರಿಹೋದಳು, 1922ರ ಏಪ್ರಿಲ್ 5ರಂದು ತಾಯಿ. 1989ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿ ಹೊರಡಿಸಿತು. ನೋಡಿ, ಅವರ ಪಾಲಿಗೆ ದುಃಖ ಎಲ್ಲರಿಗಿಂತ ಹೆಚ್ಚು ಬಂತು. ಅದೇ ದುಃಖ ಬೇರೆಯವರ ಹಸಿವನ್ನು ನೋಡುವ ಕಣ್ಣಾಯಿತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಒಳ್ಳೆಯದಾದಾಗ “ದೇವರು ಮಾಡಿದರು” ಎನ್ನುವುದು ಸುಲಭ. ಪಕ್ಕದ ಮನೆಯಲ್ಲಿ ಕೆಟ್ಟದ್ದಾದಾಗ? 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ 11 ನಿಮಿಷಗಳೊಳಗೆ 7 ಬಾಂಬು ಸಿಡಿದವು. 180ಕ್ಕೂ ಹೆಚ್ಚು ಜನ ಹೋದರು. ನಮ್ಮ ಮನೆಯವರು ದಿನಾ ಅದೇ ಹೊತ್ತಿಗೆ ಚರ್ಚ್‌ಗೇಟಿನಿಂದ ಹೊರಡುವವರು. ಫೋನು ಸಿಗಲಿಲ್ಲ. ನಾನು ಮಕ್ಕಳನ್ನು ಮಲಗಿಸಿ ಬಾಗಿಲಲ್ಲಿ ನಿಂತೆ. ಕಚೇರಿಯಲ್ಲಿ ಲೆಕ್ಕದ ಕೆಲಸ ಮುಗಿಯದೆ ತಡವಾಗಿ ಹೊರಟವರು, ಬಹು ದೂರ ನಡೆದು ರಾತ್ರಿ ಒಂದು ಗಂಟೆಯ ಮೇಲೆ ಬಂದರು. ಮೊಣಕಾಲೂರಿದೆ, ಅತ್ತೆ, ದೇವರಿಗೆ ಸ್ತೋತ್ರ ಹೇಳಿದೆ. ಬೆಳಗ್ಗೆ ತಿಳಿಯಿತು, ಕೆಳಗಿನ ಮಹಡಿಯ ಮರಾಠಿ ಬಾಯಿಯವರ ಒಬ್ಬನೇ ಮಗ ಬಂದಿರಲಿಲ್ಲ. ಬರಲೇ ಇಲ್ಲ.

ನಾನು ಗಂಜಿ ತೆಗೆದುಕೊಂಡು ಮೆಟ್ಟಲಿಳಿದೆ. ರಾತ್ರಿ ಅಷ್ಟು ಸುಲಭವಾಗಿ ಬಂದ ಸ್ತೋತ್ರದ ಮಾತು ಗಂಟಲಲ್ಲಿ ನಿಂತಿತು. ನಮ್ಮವರನ್ನು ದೇವರು ಉಳಿಸಿದರೆಂದರೆ ಆಕೆಯ ಮಗನನ್ನು ಉಳಿಸಲಿಲ್ಲವೆಂದು ಅರ್ಥವೇ? ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಹಿಡಿದು, “ನಿಮ್ಮವರು ಬಂದರಂತಲ್ಲ, ಒಳ್ಳೆಯದಾಯಿತು, ಮಕ್ಕಳಿಗೆ ಅಪ್ಪ ಇರಬೇಕು” ಎಂದರು. ಮಗನನ್ನು ಕಳೆದುಕೊಂಡ ಹನ್ನೆರಡು ಗಂಟೆಯೊಳಗೆ ಆ ತಾಯಿಯ ಬಾಯಿಂದ ಬಂದ ಮಾತು ಇದು. ಅಜ್ಜಿಯ ಪ್ರಶ್ನೆಗೆ ಆ ದಿನದ ಉತ್ತರ ಯಾವುದೆಂದು ಕೇಳಿದರೆ ನಾನು ಗಂಡ ಮನೆಗೆ ಬಂದದ್ದನ್ನು ಎರಡನೆಯದಾಗಿ ಹೇಳುತ್ತೇನೆ. ಮೊದಲನೆಯದು ಆ ಮಾತು.

ಆ ಹುಡುಗ ಯಾಕೆ ಹೋದ ಎಂಬುದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಉತ್ತರವಿದೆ ಎಂದು ಹೇಳುವವರನ್ನು ನಾನು ನಂಬುವುದೂ ಇಲ್ಲ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬಾರದೆಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಓದಬಹುದು. ಲಾಜರನ ಸಮಾಧಿಯ ಮುಂದೆ ಅವರು ಕಾರಣ ವಿವರಿಸುತ್ತ ನಿಲ್ಲಲಿಲ್ಲ, ಅತ್ತರು. ಅಂದು ಹಳಿಯ ಪಕ್ಕದ ಝೋಪಡಿಯವರು ತಮ್ಮ ಮನೆಯ ಹಾಸಿಗೆಯ ಚಾದರಗಳನ್ನು ತಂದು ಗಾಯಗೊಂಡವರನ್ನು ಹೊತ್ತು ಸಾಗಿಸಿದರು. ದೇವರು ಎಲ್ಲಿದ್ದರು ಎಂದು ಕೇಳುವಾಗ ಆ ಚಾದರದ ನಾಲ್ಕು ಮೂಲೆಗಳನ್ನೂ ನೋಡಬೇಕು.

ಆದ್ದರಿಂದ ಮಕ್ಕಳೇ, ದೇವರ ಕೆಲಸವನ್ನು ಗಮನಿಸುವುದೆಂದರೆ ನನಗೆ ಸೀಟು ಸಿಕ್ಕಿತು, ನನಗೆ ಅಂಕ ಬಂತು, ನನಗೆ ವೀಸಾ ಆಯಿತು ಎಂದು ಪಟ್ಟಿ ಮಾಡುವುದಲ್ಲ. ನಿಮಗೆ ಸೀಟು ಸಿಕ್ಕಿದರೆ ಇನ್ನೊಬ್ಬರಿಗೆ ತಪ್ಪಿರುತ್ತದೆ. ಕಾಕತಾಳೀಯವಾದುದೆಲ್ಲ ಸಂಕೇತವೂ ಅಲ್ಲ. ಕಂಡದ್ದು ದೇವರ ಕೆಲಸವೋ ನಮ್ಮ ಆಸೆಯ ನೆರಳೋ ಎಂದು ತಿಳಿಯಲು ಹಿರಿಯರು ಎರಡು ಒರೆಗಲ್ಲು ಹೇಳುತ್ತಿದ್ದರು. ಅದು ನನ್ನನ್ನು ಹೆಚ್ಚು ವಿನಯವಂತಳನ್ನಾಗಿ ಮಾಡುತ್ತದೆಯೇ? ಬೇರೆಯವರ ಕಡೆಗೆ ನನ್ನನ್ನು ನಡೆಸುತ್ತದೆಯೇ? ಎರಡಕ್ಕೂ ಹೌದೆಂದರೆ ಮುಂದೆ ಹೋಗಬಹುದು. ಜಂಬ ಹುಟ್ಟಿಸುವ ದರ್ಶನವನ್ನು ಅಲ್ಲೇ ಬಿಡುವುದು ಒಳ್ಳೆಯದು.

ಇದನ್ನು ಮಾಡುವುದು ಹೇಗೆ? 16ನೆಯ ಶತಮಾನದ ಸಂತ ಇಗ್ನೇಷಿಯಸ್ ಒಂದು ಸುಲಭ ಕ್ರಮ ಹಾಕಿಕೊಟ್ಟಿದ್ದಾರೆ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜನ್ನು 1869ರಲ್ಲಿ ಕಟ್ಟಿದ ಜೆಸುಯಿಟರ ಗುರುಗಳು ಅವರು. ಮಲಗುವ ಮೊದಲು ಕಳೆದ ದಿನವನ್ನು ಹಿಂದಿರುಗಿ ನೋಡುವುದು. ಮೊದಲು ಕೃತಜ್ಞತೆ. ಆಮೇಲೆ ಬೆಳಕಿಗಾಗಿ ಬೇಡಿಕೆ. ನಂತರ ಬೆಳಗ್ಗಿನಿಂದ ಒಂದೊಂದೇ ಗಂಟೆಯನ್ನು ನೆನೆದು, ಎಲ್ಲಿ ಪ್ರೀತಿ ಕಂಡೆ, ಎಲ್ಲಿ ಕಂಡೂ ಮುಖ ತಿರುಗಿಸಿದೆ ಎಂದು ಕೇಳಿಕೊಳ್ಳುವುದು. ಕೊನೆಗೆ ನಾಳೆಗೊಂದು ಸಂಕಲ್ಪ. ಹತ್ತು ನಿಮಿಷ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ಅದು ನಮ್ಮ ಗಮನವನ್ನು ಚಿಲ್ಲರೆ ಮಾಡಿ ಖರ್ಚು ಮಾಡುತ್ತದೆ, ದೊಡ್ಡ ನೋಟು ಬೇಕಾದಾಗ ಕಿಸೆಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಸಲಹೆ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ. ಒತ್ತು, ದೀರ್ಘ ತಪ್ಪಿದರೂ ಚಿಂತೆಯಿಲ್ಲ, ದೇವರು ಪರೀಕ್ಷಕರಲ್ಲ. ನಾನು ಇಂಗ್ಲಿಷಿನಲ್ಲಿ ಬಿ.ಎ. ಓದಿದವಳು, ಆ ಸಾಹಿತ್ಯದ ಮೇಲೆ ನನಗೆ ಪ್ರೀತಿಯಿದೆ. ಆದರೂ ಜೀವ ಹಿಂಡಿದಾಗ ನನ್ನ ಬಾಯಿಗೆ ಬಂದದ್ದು ಅಜ್ಜಿಯ ಕನ್ನಡವೇ. ‘ಕೃಪೆ’, ‘ದಯೆ’, ‘ಕರುಣೆ’, ‘ಕನಿಕರ’ ಎಂದು ನಾಲ್ಕು ಬಗೆಯಲ್ಲಿ ಹೇಳಬಲ್ಲ ಭಾಷೆ ನಿಮ್ಮ ಕೈಯಲ್ಲಿರುವಾಗ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಹೆಸರಿಲ್ಲದ ವಸ್ತು ಕಣ್ಣಿಗೆ ಬಿದ್ದರೂ ಮನಸ್ಸಿಗೆ ನಿಲ್ಲುವುದಿಲ್ಲ.

ಕ್ರೈಸ್ತರಲ್ಲದವರು ತಮ್ಮ ತಮ್ಮ ಮನೆಯ ಪ್ರಾರ್ಥನೆಯ ಜೊತೆ ಇದನ್ನು ಮಾಡಲಿ. ದೇವರನ್ನು ನಂಬದವರು ಕನಿಷ್ಠ ಪಕ್ಷ ನೆರೆಯವರನ್ನು ಗಮನಿಸಲಿ. ಅಲ್ಲಿಂದಲೂ ದಾರಿಯುಂಟು. ನೋಡುವುದು ಮೊದಲ ಹೆಜ್ಜೆ ಮಾತ್ರ. ನೋಡಿದ ಮೇಲೆ ಸುಮ್ಮನಿರಲು ಬಿಡದಂಥದ್ದು ಏನೋ ಒಂದು ಇರುತ್ತದೆ. ರಮಾಬಾಯಿ ರೈಲು ಹತ್ತಿ ಮಧ್ಯಪ್ರಾಂತಕ್ಕೆ ಹೋದರು. ನಿಮಗೆ ನನಗೆ ಅಷ್ಟು ದೊಡ್ಡ ಕರೆ ಬಾರದಿರಬಹುದು. ನಾಳೆ ಸಂಜೆ ತುಂಬಿದ ಡಬ್ಬಿಯಲ್ಲಿ ಯಾರೋ ಒಬ್ಬರು ನಿಮ್ಮ ಬೆಂಚಿನ ಪಕ್ಕ ನಿಂತು ನೋಡುತ್ತಾರೆ. ಸ್ವಲ್ಪ ಸರಿದು ಜಾಗ ಕೊಡಿ. ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.